ನಾಮವಾದ ಅಂದರೆ ನಾಮಕಾವಾಸ್ತೆ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರು ಕಾಡಿನ ಗಡಿಯ ಬಗ್ಗೆ ಬರೆದಿದ್ದರು. ಕಾಡು, ಕಂದಾಯ, ಗೋಮಾಳ ಎಲ್ಲ ಬರೀ ಹೆಸರು, ಭೂಮಿಗೆ ಇವು ಯಾವುದೂ ಗೊತ್ತಿಲ್ಲ, ತತ್ವಶಾಸ್ತ್ರದಲ್ಲಿ ಇದಕ್ಕೆ ನಾಮವಾದ ಅಂತಾರೆ, ಆದ್ದರಿಂದ ಈ ಗಡಿಗಳನ್ನು ಯಾರೂ ತಲೆಗೆ ಹಚ್ಚಿಕೊಳ್ಳಬೇಕಿಲ್ಲ ಅನ್ನುವುದು ಅವರ ಮಾತಿನ ಸಾರ. ಮೊದಲ ಅರ್ಧ ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ನಮ್ಮ ಕಡೆಯವರು ಪತ್ರಿಕೆಗೆ ಬರೆಯುವಾಗ ಈ ಪದ ಬಳಸಿದ್ದಾರಲ್ಲ ಅಂತ. ಆ “ಆದ್ದರಿಂದ” ಬಂತು ನೋಡಿ, ಅಲ್ಲಿ ಬೇಜಾರಾಯಿತು.

ನಾನು ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವನು. ಈಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮನೆಯ ತೋಟ ನೋಡಿಕೊಂಡಿದ್ದೇನೆ. ನಾಮವಾದವನ್ನು ಮನಸಾರೆ ಒಪ್ಪುವವನು. ಅದಕ್ಕೇ ಅದನ್ನು “ನಾಮಕಾವಾಸ್ತೆ” ಅನ್ನುವ ಅರ್ಥಕ್ಕೆ ಎಳೆದದ್ದು ನೋಡಿ ಸುಮ್ನೆ ಇರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಪ್ರಶ್ನೆ ಇಷ್ಟೇ. ನನ್ನ ತೋಟದಲ್ಲಿ ಅಡಿಕೆ ಮರಗಳಿವೆ. ಇದು ಒಂದು, ಅದು ಒಂದು, ಕೆರೆ ದಂಡೆಯಲ್ಲಿ ಬಾಗಿಕೊಂಡಿರುವುದು ಇನ್ನೊಂದು. ಎಲ್ಲವನ್ನೂ ಅಡಿಕೆ ಮರ ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ. ಹಾಗಾದರೆ ಈ ಮರಗಳಲ್ಲದೆ, ಇವೆಲ್ಲದರಲ್ಲೂ ಸೇರಿಕೊಂಡಿರುವ “ಅಡಿಕೆಮರತನ” ಅನ್ನುವ ಇನ್ನೊಂದು ವಸ್ತು ಜಗತ್ತಿನಲ್ಲಿ ಇದೆಯಾ? ಇದೆ ಅಂದವರು ಬಹಳ. ಗ್ರೀಸಿನ ಪ್ಲೇಟೊ ಅದು ಬೇರೆಯೇ ಇದೆ, ನಮ್ಮ ಕಣ್ಣಿಗೆ ಕಾಣುವ ಮರಗಳು ಅದರ ನೆರಳಿನ ಹಾಗೆ ಅಂದ. ಅವನ ಶಿಷ್ಯ ಅರಿಸ್ಟಾಟಲ್, ಬೇರೆ ಎಲ್ಲೋ ಅಲ್ಲ, ಮರಗಳ ಒಳಗೇ ಇದೆ ಅಂದ. ನಾಮವಾದಿ ಏನು ಹೇಳುತ್ತಾನೆ ಅಂದರೆ, ಇರುವುದು ಈ ಮರ, ಆ ಮರ, ಮತ್ತೊಂದು ಮರ. ಎಲ್ಲಕ್ಕೂ ಸಲ್ಲುವುದು ಹೆಸರು ಮಾತ್ರ. ಲ್ಯಾಟಿನ್‌ನಲ್ಲಿ ನೋಮೆನ್ ಅಂದರೆ ಹೆಸರು, ನಾಮಿನಲಿಸಂ ಅನ್ನುವ ಪದ ಅಲ್ಲಿಂದ ಬಂದದ್ದು. ನಮ್ಮ “ನಾಮ”ಕ್ಕೂ ಅದಕ್ಕೂ ಬೇರು ಒಂದೇ.

ಇದು ನನಗೆ ಮೊದಲು ಹೊಳೆದದ್ದು ನಮ್ಮ ಮನೆ ಜಗಲಿಯಲ್ಲಿ, ಇನ್ನೂ ಪುಸ್ತಕ ಮುಟ್ಟುವ ಮೊದಲು. ಅಮ್ಮ ಅಡಿಕೆ ಆರಿಸುತ್ತಿದ್ದಳು. ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿದ ಕೆಂಪಡಿಕೆ. ಎದುರಿಗೆ ನಾಲ್ಕು ಗುಡ್ಡೆ. ಎಳೆಯದು ಹಸ, ಹೋಳಾದದ್ದು ಬೆಟ್ಟೆ, ಇಡಿಯಾಗಿ ಉಳಿದದ್ದು ರಾಶಿ, ಬಲಿತು ಹೋದದ್ದು ಗೊರಬಲು. ಕೈ ತನ್ನ ಪಾಡಿಗೆ ಓಡುತ್ತಿತ್ತು, ನೋಡುವ ಮೊದಲೇ ಬೆರಳಿಗೆ ಗೊತ್ತಾದ ಹಾಗೆ. ಒಂದು ಅಡಿಕೆ ಮಾತ್ರ ಕೈಯಲ್ಲೇ ನಿಂತಿತು. ರಾಶಿಗೆ ಹಾಕಿದಳು, ವಾಪಸ್ ತೆಗೆದಳು, ಗೊರಬಲಿನ ಕಡೆ ಹಿಡಿದಳು, ಮತ್ತೆ ಬೆಳಕಿಗೆ ತಿರುಗಿಸಿದಳು. “ಅದು ನಿಜವಾಗ್ಲೂ ಯಾವುದಮ್ಮಾ?” ಅಂತ ಕೇಳಿದೆ. “ಕತ್ತರಿಸಿ ನೋಡದೆ ಹೇಳೋಕಾಗಲ್ಲ ಮಾರಾಯ” ಅಂದು ಅಡಕತ್ತರಿ ತಗೊಂಡು ಎರಡು ಹೋಳು ಮಾಡಿದಳು. ಒಳಗಿನ ಬಿಳಿ ಗೆರೆ ನೋಡಿದಳು, ಮೂಸಿದಳು, ಆಮೇಲೆ ಬಾಯಿಗೆ ಹಾಕಿಕೊಂಡಳು. ಯಾವ ಗುಡ್ಡೆಗೂ ಸೇರಲಿಲ್ಲ ಅದು.

ರಾಶಿ ಅನ್ನುವ ಪದದ ಅರ್ಥವೇ ಗುಡ್ಡೆ ಅಲ್ವಾ? ನಾವು ಒಟ್ಟು ಮಾಡಿದ್ದು. ಅಡಿಕೆ ಒಳಗೆ “ರಾಶಿತನ” ಅಂತ ಏನೂ ಕೂತಿಲ್ಲ. ಹಾಗಂತ ಶಿವಮೊಗ್ಗದ ಮಂಡಿಗೆ ಹೋಗಿ “ರಾಶಿ ಅನ್ನೋದು ಬರೀ ಹೆಸರು” ಅಂದರೆ ನಡೆಯುತ್ತದಾ? ಒಂದು ವರ್ಷ ನನ್ನದೇ ಒಂದು ಚೀಲವನ್ನು ಒಂದು ಮಂಡಿಯಲ್ಲಿ ರಾಶಿ ಅಂದರು, ಇನ್ನೊಂದು ಮಂಡಿಯಲ್ಲಿ ಕೈ ಹಾಕಿ ಎರಡು ಹಿಡಿ ತೆಗೆದು ನೋಡಿ ಗೊರಬಲು ಜಾಸ್ತಿ ಬಿದ್ದಿದೆ ಅಂದರು. ಅಡಿಕೆ ಅದೇ, ಚೀಲ ಅದೇ, ಹೊಲಿಗೆ ಹಾಕಿದ ದಾರವೂ ಅದೇ. ನನ್ನ ಕೈಗೆ ಬಂದ ದುಡ್ಡು ಮಾತ್ರ ಬೇರೆ. ಹೆಸರು ಮನುಷ್ಯರು ಮಾಡಿದ್ದು ಅನ್ನುವುದೂ ನಿಜ, ಅದು ಮನೆಯ ವರ್ಷದ ಖರ್ಚನ್ನೇ ಅಲ್ಲಾಡಿಸುತ್ತದೆ ಅನ್ನುವುದೂ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ನಾಮವಾದ. ಮೊದಲನೆಯದನ್ನು ಮಾತ್ರ ಹಿಡಿದು ಎರಡನೆಯದನ್ನು ಬಿಟ್ಟರೆ ಕಳೆದ ವಾರದ ಪತ್ರ ಆಗುತ್ತದೆ.

ಈ ತಪ್ಪು ಹೊಸದಲ್ಲ, ಸಾವಿರ ವರ್ಷದ್ದು. ಮೂರನೇ ಶತಮಾನದಲ್ಲಿ ಪೋರ್ಫಿರಿ ಅನ್ನುವವನು ಅರಿಸ್ಟಾಟಲ್‌ನ ತರ್ಕಕ್ಕೆ ಒಂದು ಸಣ್ಣ ಪೀಠಿಕೆ ಬರೆದು, ಮರ, ಪ್ರಾಣಿ ಅನ್ನುವಂಥ ಜಾತಿ, ಪ್ರಭೇದಗಳು ನಿಜವಾಗಿ ಇವೆಯೋ ಅಥವಾ ನಮ್ಮ ಯೋಚನೆಯಲ್ಲಿ ಮಾತ್ರವೋ ಅಂತ ಕೇಳಿ, ಉತ್ತರ ಹೇಳದೆ ಬಿಟ್ಟ. ಯುರೋಪಿನವರು ಅದರ ಮೇಲೆ ಶತಮಾನಗಟ್ಟಲೆ ಜಗಳ ಆಡಿದರು. ಹನ್ನೊಂದನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರೋಸಲಿನ್ ಅನ್ನುವ ಮೇಷ್ಟ್ರು, ಇವೆಲ್ಲ ಬಾಯಿಂದ ಹೊರಡುವ ಗಾಳಿ ಅಷ್ಟೇ ಅಂದನಂತೆ. ಅವನ ಮಾತು ನಮಗೆ ಸಿಕ್ಕಿರುವುದು ಹೆಚ್ಚಾಗಿ ಅವನ ವಿರೋಧಿಗಳ ಬರಹದಿಂದ, ಹಾಗಾಗಿ ಅವನಿಗೆ ಪೂರ್ತಿ ನ್ಯಾಯ ಸಿಕ್ಕಿದೆ ಅಂತ ನನಗೆ ಅನ್ನಿಸುವುದಿಲ್ಲ. ಏನೇ ಇರಲಿ, ಅವನನ್ನು ತಿದ್ದಿದ್ದು ಅವನ ಶಿಷ್ಯನೇ. ಅಬೆಲಾರ್ಡ್. ಗಾಳಿ ಬೇರೆ, ಮಾತು ಬೇರೆ ಅಂದ ಅವನು. ಬಾಯಿಂದ ಬರುವ ಸದ್ದೂ ಒಂದು ಬಿಡಿ ವಸ್ತುವೇ, ಅದು ಎಲ್ಲಕ್ಕೂ ಸಲ್ಲುವುದು ಹೇಗೆ? ಎಲ್ಲಕ್ಕೂ ಸಲ್ಲುವುದು ಅರ್ಥ ಹೊತ್ತ ಪದ, ಜನ ಬಳಸಿ ಬಳಸಿ ಅರ್ಥ ಕಟ್ಟಿದ ಪದ. ಜಗತ್ತಿನಲ್ಲಿ ಒಂದೇ ಒಂದು ಗುಲಾಬಿ ಉಳಿಯದಿದ್ದರೂ “ಗುಲಾಬಿ ಇಲ್ಲ” ಅನ್ನುವ ಮಾತಿಗೆ ಅರ್ಥ ಇರುತ್ತದಲ್ಲ ಅಂತ ಕೇಳಿದ.

ಈ ಸಾಲು ಪಾಠ ಮಾಡುವಾಗಲೆಲ್ಲ ನನಗೆ ನಮ್ಮ ಅಜ್ಜಿ ನೆನಪಾಗುತ್ತಿದ್ದಳು. ಅವಳ ತವರು ಶರಾವತಿ ಹಿನ್ನೀರಿನಲ್ಲಿ ಮುಳುಗಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ ಇಲ್ಲ, ತೋಟ ಇಲ್ಲ, ದಾರಿ ಇಲ್ಲ, ಊರಿಗೆ ಊರೇ ಇಲ್ಲ. ಆದರೂ ಸಾಯುವ ತನಕ “ನಮ್ಮೂರಲ್ಲಿ” ಅಂತಲೇ ಮಾತು ಶುರು ಮಾಡುತ್ತಿದ್ದಳು, ಆ ಊರಿನ ಹೆಸರು ಹೇಳಿದರೆ ಅವಳಿಗೆ ಪ್ರತಿ ಮೆಟ್ಟಿಲೂ ನೆನಪಿತ್ತು. ಅದನ್ನು ಬಾಯಿಗಾಳಿ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಇಂಗ್ಲೆಂಡಿನ ವಿಲಿಯಂ ಆಕಮ್ ಹೆಸರು ಜಾಸ್ತಿ ಜನಕ್ಕೆ ಗೊತ್ತು. ಹದಿನಾಲ್ಕನೇ ಶತಮಾನದ ಸನ್ಯಾಸಿ. ಬೇಡದ ವಸ್ತುಗಳನ್ನು ಸುಮ್ಮನೆ ಹೆಚ್ಚಿಸಬೇಡ ಅನ್ನುವ “ಆಕಮ್‌ನ ಕತ್ತಿ” ಅವನ ಹೆಸರಿನಲ್ಲಿದೆ. ಆ ಗಾದೆಯಂಥ ಮಾತು ಅದೇ ರೂಪದಲ್ಲಿ ಅವನ ಬರಹದಲ್ಲಿ ಸಿಗುವುದಿಲ್ಲ, ಆದರೆ ಅವನ ಕೆಲಸದ ರೀತಿ ಅದೇ. ನಮ್ಮ ಮನಸ್ಸಿನ ಒಂದು ಗುರುತು ಹಲವು ವಸ್ತುಗಳನ್ನು ಸೂಚಿಸುತ್ತದೆ, ಸಾಮಾನ್ಯ ಅನ್ನುವುದು ಅಷ್ಟರಲ್ಲೇ ಮುಗಿಯಿತು ಅಂದ. ಪೋಪ್ ಜೊತೆ ಜಗಳ ಆಗಿ 1328ರಲ್ಲಿ, ಪೋಪ್ ಆಗ ಇದ್ದ ಅವಿನ್ಯೋನ್ ಊರಿನಿಂದ ತಪ್ಪಿಸಿಕೊಂಡು ಹೋಗಬೇಕಾಯಿತು, ಆ ಜಗಳ ಸನ್ಯಾಸಿಗಳ ಬಡತನದ ವಿಷಯದ್ದು. ಆಮೇಲೆ ಇಂಗ್ಲೆಂಡಿನ ತತ್ವಜ್ಞಾನಿಗಳಾದ ಹಾಬ್ಸ್ 1651ರಲ್ಲಿ, ಲಾಕ್ 1690ರ ಹೊತ್ತಿಗೆ, ಹೀಗೆ ಈ ನಾಮವಾದ ಮುಂದೆ ಹೋಯಿತು. ಇಪ್ಪತ್ತನೇ ಶತಮಾನದಲ್ಲಿ ಪ್ರಶ್ನೆ ಅಂಕಿಗಳ ಮೇಲೆ ಬಂತು. ಮೂರು ಕಲ್ಲು ಇವೆ, ಸರಿ, “ಮೂರು” ಅನ್ನುವುದು ಬೇರೆ ಇದೆಯಾ? 1947ರಲ್ಲಿ ಅಮೆರಿಕದ ತತ್ವಜ್ಞಾನಿಗಳಾದ ಗುಡ್‌ಮನ್ ಮತ್ತು ಕ್ವೈನ್ ಇಲ್ಲ ಅಂತ ಹೇಳಿ ನೋಡಿದರು. ಭೌತಶಾಸ್ತ್ರಕ್ಕೆ ಗಣಿತ ಬೇಕೇ ಬೇಕು ಅಂತ ಕ್ವೈನ್ ಆಮೇಲೆ ಹಿಂದೆ ಸರಿದ. ಅದು ನನ್ನ ಇವತ್ತಿನ ವಿಷಯ ಅಲ್ಲ, ಬಿಡುತ್ತೇನೆ.

ನಮ್ಮಲ್ಲೇ ಈ ಚರ್ಚೆ ಇದಕ್ಕಿಂತ ಮೊದಲೇ, ಇಷ್ಟೇ ಜೋರಾಗಿ ನಡೆದಿದೆ ಅನ್ನುವುದನ್ನು ಮಾತ್ರ ಬಿಡಲಾರೆ. ನ್ಯಾಯ, ವೈಶೇಷಿಕ ಅನ್ನುವ ದರ್ಶನಗಳವರು ಎಲ್ಲ ಹಸುಗಳಲ್ಲೂ “ಗೋತ್ವ” ಅನ್ನುವ ಒಂದು ನಿಜವಾದ ವಸ್ತು ಇದೆ ಅಂದರು. ಅದಕ್ಕೆ ಅವರು ಇಟ್ಟ ಹೆಸರು ಸಾಮಾನ್ಯ, ಅಥವಾ ಜಾತಿ. ಬೌದ್ಧರು ಇಲ್ಲ ಅಂದರು. ದಿಙ್ನಾಗ, ಅವನ ನಂತರ ಏಳನೇ ಶತಮಾನದ ಧರ್ಮಕೀರ್ತಿ. ಕೆಲಸ ಮಾಡಬಲ್ಲದ್ದು ಮಾತ್ರ ಇದೆ ಅನ್ನುವುದು ಧರ್ಮಕೀರ್ತಿಯ ಒರೆಗಲ್ಲು. ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ಹಾಲು ಕೊಡುತ್ತದೆ, ಒದೆಯುತ್ತದೆ, ಬೇಲಿ ಹಾರಿ ಪಕ್ಕದ ಗದ್ದೆಗೆ ಹೋಗುತ್ತದೆ. ಗೋತ್ವವನ್ನು ಕರೆದು ಒಂದು ಲೋಟ ಹಾಲು ತಂದವರು ಯಾರೂ ಇಲ್ಲ. ಹಾಗಾದರೆ “ಹಸು” ಅನ್ನುವ ಪದ ಏನು ಹೇಳುತ್ತದೆ? ಹಸು ಅಲ್ಲದ್ದನ್ನೆಲ್ಲ ಬದಿಗೆ ಸರಿಸುತ್ತದೆ ಅಂದರು. ಇದೇ ಅಪೋಹ. ಹಸು ಯಾವುದು ಅಂತ ಗೊತ್ತಿಲ್ಲದೆ ಹಸು ಅಲ್ಲದ್ದನ್ನು ಹೇಗೆ ಸರಿಸುತ್ತೀರಿ ಅಂತ ವೇದದ ಪರ ವಾದಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟ ಹಿಡಿದು ಕೇಳಿದ, ಅದು ಸಣ್ಣ ಪ್ರಶ್ನೆ ಅಲ್ಲ.

ಪಂಡಿತ ಅಶೋಕ ಅನ್ನುವ ಇನ್ನೊಬ್ಬ ಬೌದ್ಧ ಇದ್ದ, ಚಕ್ರವರ್ತಿ ಅಶೋಕ ಅಲ್ಲ, ಎಷ್ಟೋ ಶತಮಾನ ಆಮೇಲಿನವನು. ಅವನ ಒಂದು ಶ್ಲೋಕದ ಭಾವ ಹೀಗಿದೆ. ಕಣ್ಣೆದುರಿಗೆ ಐದು ಬೆರಳು ಸ್ಪಷ್ಟವಾಗಿ ಕಾಣುತ್ತಿವೆ. ಇವುಗಳ ಜೊತೆ ಎಲ್ಲಕ್ಕೂ ಸಾಮಾನ್ಯವಾದ ಆರನೆಯದೊಂದನ್ನು ಯಾರಾದರೂ ಕಂಡರೆ, ಅವನು ತನ್ನ ತಲೆ ಮೇಲೆ ಕೋಡನ್ನೂ ಕಂಡಾನು. ತರಗತಿಯಲ್ಲಿ ನಾನು ಕೈ ಎತ್ತಿ ಹಿಡಿದು ಇದನ್ನು ಹೇಳಿದಾಗ ಮಕ್ಕಳು ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಆ ಒಂದು ಕ್ಷಣಕ್ಕಾಗಿ ನಾನು ಪ್ರತಿ ವರ್ಷ ಆ ಪಾಠಕ್ಕೆ ಕಾಯುತ್ತಿದ್ದೆ.

ಆದರೆ ನಂಗೆ ಅತ್ಯಂತ ಇಷ್ಟದ್ದು ಧರ್ಮಕೀರ್ತಿಯ ಔಷಧದ ಉದಾಹರಣೆ. ಜ್ವರಕ್ಕೆ ಬೇರೆ ಬೇರೆ ಗಿಡಮೂಲಿಕೆ ಇವೆ. ಒಂದೊಂದೇ ಕೊಟ್ಟರೂ, ಸೇರಿಸಿ ಕೊಟ್ಟರೂ ಜ್ವರ ಇಳಿಯುತ್ತದೆ. ಬೇರೆ ಗಿಡಗಳಿಂದ ಇಳಿಯುವುದಿಲ್ಲ. ಹಾಗಂತ ಆ ಮೂಲಿಕೆಗಳ ಒಳಗೆ ಒಂದೇ ವಸ್ತು ಕೂತಿರಬೇಕು ಅಂತೇನಿಲ್ಲ. ನಮ್ಮ ಮನೆಯ ಕಷಾಯವನ್ನೇ ನೋಡಿ. ಅಮೃತಬಳ್ಳಿ ಮರಕ್ಕೆ ಸುತ್ತಿಕೊಂಡು ಬೆಳೆಯುವ ಬಳ್ಳಿ, ನೆಲಬೇವು ಮೊಣಕಾಲೆತ್ತರದ ಗಿಡ, ಕಾಳುಮೆಣಸು ತೋಟದ ಬೆಳೆ. ಎಲೆ ಬೇರೆ, ಬೇರು ಬೇರೆ, ರುಚಿ ಬೇರೆ. ಮೂರನ್ನೂ ನಾವು “ಜ್ವರದ ಮದ್ದು” ಅನ್ನುತ್ತೇವೆ, ಯಾಕೆಂದರೆ ಮೂರೂ ನಮ್ಮ ಒಂದು ಕೆಲಸಕ್ಕೆ ಬರುತ್ತವೆ ಅಂತ ಕಂಡುಕೊಂಡಿದ್ದೇವೆ. ಹೆಸರನ್ನು ನಮ್ಮ ಅಗತ್ಯ ಹುಟ್ಟಿಸಿತು, ಆದರೆ ಯಾವ ಗಿಡವನ್ನು ಆ ಹೆಸರಿನ ಕೆಳಗೆ ತರಬಹುದು ಅನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಲಂಟಾನವನ್ನು ಜ್ವರದ ಮದ್ದು ಅಂತ ಕರೆದರೆ ಜ್ವರ ಇಳಿಯುವುದಿಲ್ಲ.

ಜಾತಿ ಅನ್ನುವ ಪದ ಮೇಲೆ ಬಂತಲ್ಲ, ಅದನ್ನು ದಾಟಿ ಹೋಗಲು ಆಗುವುದಿಲ್ಲ. ತರ್ಕದಲ್ಲಿ ಗೋತ್ವಕ್ಕೆ ಬಳಸಿದ ಅದೇ ಪದ ನಮ್ಮ ಊರಿನಲ್ಲಿ ಮನುಷ್ಯರಿಗೂ ಬಳಕೆಯಲ್ಲಿದೆ. ಇದು ಬರೀ ಪದದ ಹೊಂದಾಣಿಕೆ ಅಲ್ಲ. ಬ್ರಾಹ್ಮಣತ್ವವೂ ಗೋತ್ವದ ಹಾಗೆ ನಿಜವಾದ ಒಂದು ವಸ್ತು, ತಂದೆ ತಾಯಿ ಯಾರು ಅಂತ ತಿಳಿದವರಿಗೆ ಅದು ಕಣ್ಣಿಗೇ ಕಾಣುತ್ತದೆ ಅಂತ ಕುಮಾರಿಲ ವಾದಿಸಿದ. ಬೌದ್ಧರೂ ಜೈನರೂ ಒಪ್ಪಲಿಲ್ಲ. ಹಸುವನ್ನೂ ಕುದುರೆಯನ್ನೂ ನೋಡಿದರೆ ಯಾರೂ ಹೇಳಿಕೊಡದೆ ಬೇರೆ ಅಂತ ತಿಳಿಯುತ್ತದೆ, ಇಬ್ಬರು ಮನುಷ್ಯರನ್ನು ನಿಲ್ಲಿಸಿದರೆ ಯಾರಾದರೂ ಹೇಳದೆ ಜಾತಿ ತಿಳಿಯುತ್ತದಾ? ನಾಮವಾದದಿಂದ ಏನು ಉಪಯೋಗ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ವಾದವನ್ನು. ಇಲ್ಲೂ ಕಳೆದ ವಾರದ “ಆದ್ದರಿಂದ” ಬಂದು ಕೂರುತ್ತದೆ. ಜಾತಿ ಬರೀ ಹೆಸರು ತಾನೇ, ಇನ್ನು ಮೀಸಲಾತಿ ಯಾಕೆ, ಆ ಮಾತೇ ಯಾಕೆ ಅನ್ನುವವರು ಇದ್ದಾರೆ. ನಾಮವಾದ ಹಾಗೆ ಹೇಳಿಲ್ಲ. ಆ ಹೆಸರನ್ನು ಮನುಷ್ಯರು ಇಟ್ಟರು, ಆ ಹೆಸರು ಹಿಡಿದು ಮನುಷ್ಯರೇ ಇನ್ನೊಬ್ಬರನ್ನು ಅಂಗಳದ ಆಚೆ ನಿಲ್ಲಿಸಿದರು, ಬಾವಿಯ ಹತ್ತಿರ ಬಿಡಲಿಲ್ಲ. ಹಾಗೆ ನಿಂತವರು ಹೆಸರಲ್ಲ, ಒಬ್ಬೊಬ್ಬರೂ ಒಂದೊಂದು ಜೀವ. ದೇವರೋ ಪ್ರಕೃತಿಯೋ ಮಾಡಿಟ್ಟದ್ದು ಅಂತ ಕೈ ತೊಳೆದುಕೊಳ್ಳಲು ಬಾರದ ಹಾಗೆ ಮಾಡುವುದೇ ನಾಮವಾದ.

ಈಗ ಅಪ್ಪೆಮಿಡಿಗೆ ಬರುತ್ತೇನೆ, ಇದನ್ನು ಹೇಳದೆ ಮಲೆನಾಡಿನವನು ಈ ಪತ್ರ ಮುಗಿಸಬಾರದು. ಹೊಳೆ ದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗಿ ಹುಟ್ಟಿದ ಮಾವಿನ ಮರಗಳು. ಪ್ರತಿ ಮರದ ಮಿಡಿಗೂ ಅದರದೇ ವಾಸನೆ. ನಮ್ಮ ಹೊಳೆಯ ತಿರುವಿನಲ್ಲಿ ಒಂದು ಹಳೆಯ ಮರ ಇದೆ. ಮಿಡಿಯನ್ನು ತೊಟ್ಟು ಸಮೇತ ಇಳಿಸಬೇಕು, ನೆಲಕ್ಕೆ ಬೀಳಬಾರದು. ತೊಟ್ಟು ಮುರಿದರೆ ಸೊನೆ ಹನಿಯಾಗಿ ಮೇಲೆ ಬರುತ್ತದೆ, ಕೈಗೆ ತಾಗಿದರೆ ಸುಡುತ್ತದೆ, ಆದರೂ ಮೂಗಿನ ಹತ್ತಿರ ಹಿಡಿಯದೆ ಇರಲು ಆಗುವುದಿಲ್ಲ. ಜೀರಿಗೆ ಹುರಿದ ಹಾಗೆ ಒಂದು ವಾಸನೆ, ಅದರ ಹಿಂದೆ ಕರ್ಪೂರದ ಎಳೆ. ಹತ್ತು ಮಾರು ದೂರದ ಇನ್ನೊಂದು ಮರದ್ದು ಹಾಗಿಲ್ಲ. ಅದಕ್ಕೇ ನಮ್ಮವರು ಒಂದೊಂದು ಮರಕ್ಕೇ ಹೆಸರು ಇಟ್ಟರು, ಜಾಗದ ಹೆಸರು, ಮರ ಇದ್ದ ಮನೆಯವರ ಹೆಸರು, ವಾಸನೆಯ ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಮಿಡಿ. ಒಂದು ಮಗುವಿಗೆ ಹೆಸರು ಇಟ್ಟ ಹಾಗೆ. ಗೊರಟು ನೆಟ್ಟರೆ ಅದೇ ಮಿಡಿ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಕಸಿ ಕಟ್ಟಬೇಕು. ಕಸಿ ಗಿಡ ನೂರಾರು ತೋಟಕ್ಕೆ ಹೋದಾಗ ಏನಾಯಿತು ಅಂದರೆ, ಒಂದು ಮರದ ಹೆಸರು ಒಂದು ತಳಿಯ ಹೆಸರಾಯಿತು. ಬಿಡಿ ವಸ್ತುವಿನ ಹೆಸರು ಎಲ್ಲಕ್ಕೂ ಸಲ್ಲುವ ಹೆಸರಾಗುವುದನ್ನು ಕಣ್ಣಾರೆ ನೋಡಬೇಕಾದರೆ ಆಕ್ಸ್‌ಫರ್ಡಿಗೆ ಹೋಗಬೇಕಿಲ್ಲ, ಯಾವುದಾದರೂ ನರ್ಸರಿಯಲ್ಲಿ ನಿಂತು ನೋಡಿದರೆ ಸಾಕು. ಈ ಹೆಸರುಗಳು ಗಟ್ಟಿ, ಯಾಕೆಂದರೆ ಪ್ರತಿಯೊಂದರ ಹಿಂದೆ ಯಾರೋ ಮರ ಹತ್ತಿ, ತೊಟ್ಟು ಮುರಿದು, ಮೂಸಿ ನೋಡಿದ್ದಾರೆ.

ಕಾಡಿನ ವಿಷಯದಲ್ಲೂ ನಮ್ಮ ಹಿರಿಯರ ಹೆಸರುಗಳು ಹಾಗೇ ಇದ್ದವು. ಒತ್ತಾಗಿ ಬೆಳೆದು ನೀರು ಜಿನುಗುವ ಕಾಡು ಕಾನು. ತೋಟಕ್ಕೆ ಸೊಪ್ಪು ತರುವ ಜಾಗ ಸೊಪ್ಪಿನ ಬೆಟ್ಟ. ಹುಲ್ಲಿನದು ಬ್ಯಾಣ. ಒಳಗೆ ಓಡಾಡಿದವರು ಇಟ್ಟ ಹೆಸರುಗಳು ಇವು. ಈಗ ಕಾಗದದ ಮೇಲೆ ಬರುವ ಹೆಸರುಗಳನ್ನು ನೋಡಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯ ಅಂದರೆ ನಿಘಂಟಿನಲ್ಲಿ ಇರುವ ಅರ್ಥ, ಜಾಗ ಯಾರದೇ ಆಗಿರಲಿ ಅಂದಿತು. ಮರ ಉಳಿಸಲು ಅದರಿಂದ ದೊಡ್ಡ ಸಹಾಯ ಆಯಿತು, ಅದರಲ್ಲಿ ನನಗೆ ಅನುಮಾನ ಇಲ್ಲ. ಅದರ ಹಿಂದೆಯೇ ನಮ್ಮ ರಾಜ್ಯದಲ್ಲಿ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗಗಳ ಪಟ್ಟಿ ಬಂತು, ಸುಮಾರು 9.94 ಲಕ್ಷ ಹೆಕ್ಟೇರ್. 2022ರ ಹೊತ್ತಿಗೆ ಅದು ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ಮಿಕ್ಕ ಆರು ಲಕ್ಷ ಚಿಲ್ಲರೆ ಹೆಕ್ಟೇರ್‌ನಲ್ಲಿ ಆ ದಿನ ಒಂದು ಎಲೆಯೂ ಉದುರಲಿಲ್ಲ, ಹೆಸರು ಹೋಯಿತು. ಇನ್ನೊಂದು ಕಡೆ, ಭಾರತೀಯ ಅರಣ್ಯ ಸಮೀಕ್ಷೆಯವರು ಉಪಗ್ರಹದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕುವಾಗ, ಒಂದು ಹೆಕ್ಟೇರ್‌ಗೆ ಕಡಿಮೆ ಇಲ್ಲದ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ನೆತ್ತಿ ಮುಚ್ಚಿದ್ದರೆ ಅರಣ್ಯ ಹೊದಿಕೆ ಅಂತ ಹಿಡಿಯುತ್ತಾರೆ. ಯಾವ ಮರ, ಯಾರ ಮರ ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹೆಕ್ಟೇರ್ ದಾಟಿದ ತೋಟವೂ ಅದರೊಳಗೆ ಬರಬಹುದು, ಅಕೇಶಿಯಾ ನೆಡುತೋಪೂ ಬರುತ್ತದೆ, ಕಾನೂ ಬರುತ್ತದೆ. ಮೂರಕ್ಕೂ ಒಂದೇ ಹೆಸರು.

ನಮ್ಮ ಊರ ಹಿಂದಿನ ಗುಡ್ಡ ಒಂದು ಪಟ್ಟಿಯಲ್ಲಿ ಇತ್ತು, ಇನ್ನೊಂದರಲ್ಲಿ ಇಲ್ಲ. ಅಲ್ಲಿ ಕೆಳಗಿನ ಅರ್ಧ ಅಕೇಶಿಯಾ, ಅದರಡಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಮೇಲಿನ ಅರ್ಧದಲ್ಲಿ ಮತ್ತಿ, ಹೊನ್ನೆ, ನಂದಿ, ಹೆಬ್ಬಲಸು ಇವೆ, ಬಂಡೆ ಕೆಳಗೆ ಏಪ್ರಿಲ್‌ನಲ್ಲೂ ಒರತೆ ಇದೆ. ಯಾಕೆ ಸೇರಿಸಿದ್ದು, ಯಾಕೆ ತೆಗೆದದ್ದು ಅಂತ ಕೇಳಲು ನಾನು ಒಂದು ಕಚೇರಿಗೆ ಮೂರು ಸಲ ಹೋದೆ. ಸಿಕ್ಕಿದ ಉತ್ತರ, “ಪಟ್ಟಿಯಲ್ಲಿ ಇಲ್ಲ ಅಂದರೆ ಅದು ಅರಣ್ಯ ಅಲ್ಲ.” ಗುಡ್ಡ ನೋಡಿದವರು ಯಾರು ಅಂದರೆ ಅಲ್ಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ. ನೋಡಿ, ಇಲ್ಲಿ ನಾಮವಾದಕ್ಕೆ ವಿರುದ್ಧವಾಗಿ ನಡೆದುಕೊಂಡದ್ದು ಆ ಕಚೇರಿ. ಹೆಸರನ್ನೇ ವಸ್ತು ಅಂತ ನಂಬಿತು. ಕಳೆದ ವಾರ ಪತ್ರ ಬರೆದವರು ಹೆಸರನ್ನು ಗಾಳಿ ಅಂತ ತೂರಿದರು. ಎರಡು ಕಡೆಯವರೂ ಗುಡ್ಡ ಹತ್ತಲಿಲ್ಲ.

ಮನುಷ್ಯರಿಗೆ ಹೆಸರು ಹಚ್ಚಿದಾಗ ಇನ್ನೊಂದು ತೊಡಕು ಬರುತ್ತದೆ. ಕೆನಡಾದ ಇಯಾನ್ ಹ್ಯಾಕಿಂಗ್ ಅನ್ನುವ ತತ್ವಜ್ಞಾನಿ, 2023ರಲ್ಲಿ ತೀರಿಕೊಂಡರು, ಅವರು ಇದನ್ನು ಚಲಿಸುವ ನಾಮವಾದ ಅನ್ನುವ ಅರ್ಥದಲ್ಲಿ ವಿವರಿಸಿದ್ದಾರೆ. ಕಲ್ಲಿಗೆ ಏನು ಹೆಸರಿಟ್ಟರೂ ಕಲ್ಲು ಬದಲಾಗುವುದಿಲ್ಲ, ಮನುಷ್ಯ ಬದಲಾಗುತ್ತಾನೆ, ಅವನು ಬದಲಾದಂತೆ ಹೆಸರಿನ ಅರ್ಥವೂ ಬದಲಾಗುತ್ತದೆ. ನಮ್ಮಲ್ಲಿ “ಒತ್ತುವರಿದಾರ” ಅನ್ನುವ ಪದ ಹಾಗೇ ಆಗಿದೆ. ಅಜ್ಜನ ಕಾಲದಿಂದ ಮುಕ್ಕಾಲು ಎಕರೆ ಉಳುತ್ತಾ, ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ನಮೂನೆ 50, 53, 57 ಹೀಗೆ ಒಂದರ ಮೇಲೊಂದು ಅರ್ಜಿ ಹಾಕಿ ಕಾಯುತ್ತಿರುವ ಹೆಂಗಸೂ ಒತ್ತುವರಿದಾರೆ, ಜೆಸಿಬಿ ತಂದು ಒಂದೇ ರಾತ್ರಿಯಲ್ಲಿ ಹತ್ತು ಎಕರೆ ಕಾನು ಬೋಳಿಸಿದವನೂ ಒತ್ತುವರಿದಾರ. ಆ ಹೆಸರು ಬಿದ್ದ ಮೇಲೆ ಮೊದಲಿನವಳು ಸಸಿ ನೆಡಲು ಹೆದರುತ್ತಾಳೆ, ಬ್ಯಾಂಕಿಗೆ ಹೋಗುವುದಿಲ್ಲ, ಜೀಪಿನ ಸದ್ದು ಕೇಳಿದರೆ ಒಳಗೆ ಹೋಗುತ್ತಾಳೆ. ಎರಡನೆಯವನಿಗೆ ಅದೇ ಹೆಸರಿನ ಗುಂಪು ಆಸರೆ, ಬಡವರ ಹಿಂದೆ ನಿಂತುಕೊಳ್ಳುತ್ತಾನೆ.

ನಾಮವಾದಕ್ಕೆ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ, ಅಡಿಕೆ ಬೆಳೆಯುವ ಮನೆಯವಳೇ, ಎದ್ದು ನಿಂತು ಕೇಳಿದಳು. “ಸರ್, ಹೆಸರು ನಾವು ಕೊಟ್ಟಿದ್ದು ಅಂತೀರಿ. ನಾವು ಹೆಸರು ಕೊಡೋ ಮೊದಲೂ ಕೊಳೆ ಇತ್ತಲ್ವಾ?” ಎಂಥ ಪ್ರಶ್ನೆ! ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗ, ಅದನ್ನು ತರುವುದು ಫೈಟಾಫ್ತೊರ ಅನ್ನುವ ಸೂಕ್ಷ್ಮಜೀವಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ತೀರ್ಥಹಳ್ಳಿಯಲ್ಲಿ ಹೊಡೆದರೂ ತಡೆಯುತ್ತದೆ, ಸಾಗರದಲ್ಲಿ ಹೊಡೆದರೂ ತಡೆಯುತ್ತದೆ. ಎರಡು ಕಡೆಯ ಕೊಳೆಗೂ ಸಾಮಾನ್ಯವಾದದ್ದು ಏನೂ ಇಲ್ಲ, ಹೆಸರು ಮಾತ್ರ ಅಂದರೆ, ಒಂದೇ ಮದ್ದು ಎರಡೂ ಕಡೆ ಯಾಕೆ ಕೆಲಸ ಮಾಡಬೇಕು? ಅವು ಒಂದನ್ನೊಂದು ಹೋಲುತ್ತವೆ ಅಂತ ನಾಮವಾದಿ ಹೇಳಬಹುದು. ಆದರೆ 1912ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ರಸೆಲ್ ಆ ಬಾಗಿಲಿಗೂ ಅಡ್ಡ ನಿಂತ. ಈ ಜೋಡಿಯ ಹೋಲಿಕೆ, ಆ ಜೋಡಿಯ ಹೋಲಿಕೆ, ಎಲ್ಲವೂ ಹೋಲಿಕೆಯೇ ಅಂದಾಗ “ಹೋಲಿಕೆ” ಅನ್ನುವುದೇ ಎಲ್ಲಕ್ಕೂ ಸಾಮಾನ್ಯವಾದ ಒಂದು ವಸ್ತು ಆಯಿತಲ್ಲ ಅಂದ. 1978ರಲ್ಲಿ ಆಸ್ಟ್ರೇಲಿಯದ ಆರ್ಮ್‌ಸ್ಟ್ರಾಂಗ್ ಇನ್ನೂ ಜೋರಾಗಿ ಎದುರು ಪಕ್ಷ ಕಟ್ಟಿದ. ನಾನು ಆ ಹುಡುಗಿಗೆ ಧರ್ಮಕೀರ್ತಿಯ ಮೂಲಿಕೆಗಳ ಮಾತನ್ನೇ ಹೇಳಿದೆ. ಪ್ರತಿ ಕೊಳೆಯೂ ತನ್ನಷ್ಟಕ್ಕೆ ಮೈಲುತುತ್ತಕ್ಕೆ ಸೋಲುತ್ತದೆ, ಸೋಲುವುದಕ್ಕೆ ಮೂರನೆಯ ವಸ್ತು ಬೇಡ ಅಂದೆ. ಅವಳು ಪೂರ್ತಿ ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ನನಗೆ ಇವತ್ತಿಗೂ ಸಂತೋಷ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಅರಣ್ಯ ಒತ್ತುವರಿ ತೆರವು ಅಂತ ಸುದ್ದಿ ಹಾಕುವಾಗ ಇಷ್ಟು ಎಕರೆ ಅಂತ ಮಾತ್ರ ಹಾಕಬೇಡಿ. ಯಾವ ಊರು, ಎಷ್ಟು ಗುಂಟೆ, ಎಷ್ಟು ವರ್ಷದಿಂದ, ಅಲ್ಲಿ ಏನು ಬೆಳೆದಿತ್ತು, ಕಾನಾ, ಬ್ಯಾಣವಾ, ಅಕೇಶಿಯಾವಾ, ಅಷ್ಟನ್ನೂ ಬರೆಯಿರಿ. ನಿಮ್ಮ ವರದಿಗಾರರು ಒಂದು ಸಲ ಜಾಗಕ್ಕೆ ಹೋಗಿ ನಿಂತು ಬರೆಯಲಿ. ಎರಡು ಸಾಲು ಜಾಸ್ತಿ ಆಗುತ್ತದೆ ಅಷ್ಟೇ.

ಕಳೆದ ವಾರದ ಪತ್ರ ಬರೆದವರ ಮೇಲೆ ನನಗೆ ಕೋಪ ಇಲ್ಲ. ಅವರ ವಿಳಾಸ ನಿಮ್ಮಲ್ಲಿ ಇರುತ್ತದೆ, ನನ್ನ ಪರವಾಗಿ ಅವರಿಗೆ ತಿಳಿಸಿ. ಮಿಡಿ ಕೊಯ್ಯುವ ಹೊತ್ತಿಗೆ, ಮಾರ್ಚ್ ಕಡೆಯಲ್ಲಿ, ನಮ್ಮ ಮನೆಗೆ ಬರಲಿ. ಊಟ ಆದ ಮೇಲೆ ಇಬ್ಬರೂ ಆ ಗುಡ್ಡ ಹತ್ತೋಣ. ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಮರ ನೋಡುತ್ತಾ ಹೋಗಿ, ಎಲ್ಲಿಂದ ಅದನ್ನು ಕಾಡು ಅನ್ನಬೇಕು ಅಂತ ಒರತೆ ಹತ್ತಿರ ಕೂತು ಜಗಳ ಆಡೋಣ.

ಇಂತಿ ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ